ಎಲ್ಲಕ್ಕೂ 777 ಒತ್ತುವ ಮೊದಲು: ಸರ್ವರಿನಲ್ಲಿ ‘ಪರ್ಮಿಷನ್ ಡಿನೈಡ್’ ಹುಡುಕುವ ಬಗೆ

ರಾತ್ರಿ ಒಂಬತ್ತು ಗಂಟೆ. ದಾದರಿನಿಂದ ಹತ್ತಿದ ಕಲ್ಯಾಣ್ ಫಾಸ್ಟ್. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಬ್ಯಾಗಿನ ಮೇಲೆ. ಠಾಣೆ ದಾಟುವಾಗ ಫೋನು ಬಂತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯವರು.

“ಮಾರಾಯ, ರಾಜ್ಯೋತ್ಸವದ ಫೋಟೊ ಎಲ್ಲ ಬಂತು. ಆದ್ರೆ ಮೆಂಬರ್‌ಶಿಪ್ ಫಾರ್ಮ್ ಹೋಯ್ತು. 500 ಎರರ್ ಅಂತ ಬರ್ತದೆ.”

“ಬೆಳಿಗ್ಗೆ ಫೋಟೊ ಬರ್ತಿಲ್ಲ ಅಂದಿದ್ರಿ ಅಲ್ವಾ ಅಣ್ಣ? ಏನು ಮಾಡಿದ್ರಿ?”

“ನಾನೆಂತದೂ ಮಾಡ್ಲಿಲ್ಲ. ನಮ್ಮ ಹುಡುಗ ಎಲ್ಲದಕ್ಕೂ 777 ಕೊಟ್ಟಿದ್ದಾನೆ. ಅಷ್ಟೇ.”

ಆ ‘ಅಷ್ಟೇ’ಯನ್ನು ಬಿಡಿಸಲು ಎರಡೂವರೆ ಗಂಟೆ ಹಿಡಿಯಿತು. ಡೊಂಬಿವಲಿ ಸ್ಟೇಷನ್ನಿನ ಬೆಂಚಿನಲ್ಲಿ ಅರ್ಧ, ಮನೆಯಲ್ಲಿ ಇನ್ನರ್ಧ. ನಾನು ಫೋನಿನಲ್ಲಿ ಕಮಾಂಡ್ ಹೇಳುವುದು, ಹುಡುಗ ಟೈಪ್ ಮಾಡುವುದು. ಇಲ್ಲಿಯೂ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿದ ಹಾಗೆಯೇ ಬರೆದಿದ್ದೇನೆ. ‘ಮೈನಸ್’ ಅಂದರೆ ಅಡ್ಡಗೆರೆ. ‘ಸಿಎಚ್‌ಮಾಡ್’ ಅಂದರೆ ಸಿ, ಎಚ್, ಎಂ, ಒ, ಡಿ; ಫೈಲಿನ ಅನುಮತಿ ಬದಲಿಸುವ ಕಮಾಂಡ್. ಅದಕ್ಕೆ 777 ಕೊಟ್ಟರೆ ಎಲ್ಲರಿಗೂ ಎಲ್ಲ ಅನುಮತಿ. ಸಂಘದ ವೆಬ್‌ಸೈಟಿನ ಸರ್ವರ್ ಲಿನಕ್ಸ್‌ನದು, ವೆಬ್ ಸರ್ವರ್ ಅಪಾಚೆ, ಒಂದೇ ಯಂತ್ರದಲ್ಲಿ ನಮ್ಮ ಹಾಗೆ ಹತ್ತಾರು ಬಿಡಾರಗಳು. ಕಡಿಮೆ ಬೆಲೆಯ ಶೇರ್ಡ್ ಹೋಸ್ಟಿಂಗ್ ಇರುವುದೇ ಹೀಗೆ.

ಮೊದಲು ಬೈಗುಳವನ್ನು ಸರಿಯಾಗಿ ಓದಿ

‘ಓಪನ್ ಆಗ್ತಿಲ್ಲ’ ಎಂದರೆ ಏನೂ ಗೊತ್ತಾಗುವುದಿಲ್ಲ. ತೆರೆಯ ಮೇಲೆ ಬಂದ ಮಾತು ಅಕ್ಷರಶಃ ಏನು ಎಂದು ಕೇಳಿ.

‘ಪರ್ಮಿಷನ್ ಡಿನೈಡ್’ ಎಂದರೆ ಹೆಚ್ಚಾಗಿ ಅನುಮತಿಯ ಗುರುತುಗಳೇ ಅಡ್ಡ ಬಂದಿವೆ. ಸರ್ವರ್ ತಪ್ಪುಗಳನ್ನು ಬರೆದಿಡುವ ಲಾಗ್‌ನಲ್ಲಿ ಇದರ ನಂಬರ್ 13. ‘ಆಪರೇಷನ್ ನಾಟ್ ಪರ್ಮಿಟೆಡ್’ ಬೇರೆ ವಿಷಯ, ಅದರ ನಂಬರ್ 1. ಅಂದರೆ ಈ ಕೆಲಸ ಮಾಡುವ ಹಕ್ಕೇ ನಿಮಗಿಲ್ಲ. ಬೇರೆಯವರ ಫೈಲಿಗೆ ಸಿಎಚ್‌ಮಾಡ್ ಮಾಡಲು ಹೋದರೆ ಇದೇ ಬರುತ್ತದೆ, ಏಕೆಂದರೆ ಅದನ್ನು ಫೈಲಿನ ಮಾಲೀಕ ಅಥವಾ ರೂಟ್ (ಸರ್ವರಿನಲ್ಲಿ ಎಲ್ಲ ಹಕ್ಕೂ ಇರುವ ಅಕೌಂಟ್) ಮಾತ್ರ ಮಾಡಬಹುದು. ಈ ಎರಡನ್ನೂ ಒಂದೇ ಎಂದುಕೊಂಡು ಜನ ಗಂಟೆಗಟ್ಟಲೆ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ.

‘ಡಿಸ್ಕ್ ಕೋಟಾ ಎಕ್ಸೀಡೆಡ್’, ‘ನೋ ಸ್ಪೇಸ್ ಲೆಫ್ಟ್’, ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಬಂದರೆ ಸಿಎಚ್‌ಮಾಡ್ ಮುಟ್ಟಲೇಬೇಡಿ. ಅದು ಜಾಗದ ಅಥವಾ ಡಿಸ್ಕಿನ ತೊಂದರೆ.

ಬ್ರೌಸರಿನಲ್ಲಿ 403 (ಒಳಗೆ ಬಿಡುವುದಿಲ್ಲ ಎಂಬ ಉತ್ತರ) ಬಂದರೆ ಕಂಟ್ರೋಲ್ ಪ್ಯಾನಲ್‌ನಲ್ಲಿ ಎರರ್ ಲಾಗ್ ತೆರೆದು, ಎಎಚ್ ಎಂದು ಶುರುವಾಗುವ ನಂಬರ್ ಹುಡುಕಿ. ಎಎಚ್00035 ಇದ್ದರೆ ದಾರಿಯಲ್ಲಿ ಯಾವುದೋ ಒಂದು ಡೈರೆಕ್ಟರಿ (ಫೋಲ್ಡರ್) ಒಳಗೆ ಬಿಡುತ್ತಿಲ್ಲ. ಎಎಚ್01276 ಇದ್ದರೆ ಆ ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲ್ ಇಲ್ಲ, ಪಟ್ಟಿ ತೋರಿಸಲು ಅಪಾಚೆಗೆ ಅಪ್ಪಣೆಯೂ ಇಲ್ಲ. ಎಎಚ್01630 ಆದರೆ ಸರ್ವರಿನ ಸೆಟ್ಟಿಂಗೇ ಬೇಡ ಅನ್ನುತ್ತಿದೆ. ಕೊನೆಯ ಎರಡಕ್ಕೂ 777ಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಮೂರಕ್ಕೂ ಬ್ರೌಸರಿನಲ್ಲಿ ಕಾಣುವುದು ಅದೇ 403.

ನಮ್ಮ ಲಾಗ್‌ನಲ್ಲಿ ಬೆಳಿಗ್ಗೆಯಿಂದ ಸಾಲುಸಾಲು ಎಎಚ್00035 ಇದ್ದವು. ಹುಡುಗ ಲಾಗ್ ತೆರೆದೇ ಇರಲಿಲ್ಲ.

ವಾಚ್‌ಮನ್ ಮತ್ತು ನೇಮ್ ಬೋರ್ಡ್

ಎಲ್‌ಎಸ್ ಮೈನಸ್ ಎಲ್ ಎಂದು ಹೊಡೆದರೆ ಫೈಲುಗಳ ಪಟ್ಟಿ ಬರುತ್ತದೆ, ಪ್ರತಿ ಸಾಲಿನ ಮೊದಲಿಗೆ ಹತ್ತು ಅಕ್ಷರ ಇರುತ್ತವೆ. ಮೊದಲನೆಯದು ಡಿ ಆಗಿದ್ದರೆ ಡೈರೆಕ್ಟರಿ, ಬರೀ ಗೆರೆಯಾದರೆ ಫೈಲ್. ಉಳಿದ ಒಂಬತ್ತು ಮೂರು ಮೂರರ ಮೂರು ಗುಂಪು: ಮಾಲೀಕನಿಗೆ, ಅವನ ಗುಂಪಿಗೆ, ಬೇರೆ ಎಲ್ಲರಿಗೆ. ಆರ್ (ಓದುವುದು) ಅಂದರೆ 4, ಡಬ್ಲ್ಯು (ಬರೆಯುವುದು) ಅಂದರೆ 2, ಎಕ್ಸ್ (ಓಡಿಸುವುದು) ಅಂದರೆ 1. ಕೂಡಿದರೆ 755, 644 ಎಂಬ ಲೆಕ್ಕ. ಇಷ್ಟು ಎಲ್ಲರಿಗೂ ಗೊತ್ತು.

ಎಡವುವುದು ಡೈರೆಕ್ಟರಿಯ ವಿಷಯದಲ್ಲಿ. ಫೈಲಿಗೆ ಎಕ್ಸ್ ಅಂದರೆ ಓಡಿಸುವುದು, ಸರಿ. ಡೈರೆಕ್ಟರಿಯನ್ನು ಓಡಿಸುವುದು ಅಂದರೇನು?

ಹುಡುಗನಿಗೆ ಅವನದೇ ಸೊಸೈಟಿಯನ್ನು ನೆನಪಿಸಿದೆ. ಡೈರೆಕ್ಟರಿ ಅಂದರೆ ಬಿ ವಿಂಗ್. ಕೆಳಗಿನ ಲಾಬಿಯಲ್ಲಿ ನೇಮ್ ಬೋರ್ಡ್ ಇದೆ, ಯಾವ ಫ್ಲ್ಯಾಟಿನಲ್ಲಿ ಯಾರು ಎಂದು. ಆ ಬೋರ್ಡ್ ಓದುವುದು ಆರ್. ಬೋರ್ಡಿನಲ್ಲಿ ಹೆಸರು ಸೇರಿಸುವುದು, ಅಳಿಸುವುದು ಡಬ್ಲ್ಯು. ವಾಚ್‌ಮನ್ ನಿಮ್ಮನ್ನು ಮೆಟ್ಟಿಲು ಹತ್ತಲು ಬಿಡುವುದು ಎಕ್ಸ್.

ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಬೋರ್ಡ್ ಕಾಣುವುದಿಲ್ಲ. ಆದರೆ ಫ್ಲ್ಯಾಟ್ ನಂಬರ್ ಗೊತ್ತಿದ್ದರೆ ಸೀದಾ ಹೋಗಬಹುದು. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ಕೆಳಗೆ ನಿಂತು ಹೆಸರು ಓದಿ ವಾಪಸ್ ಬರಬೇಕು. ಎಲ್‌ಎಸ್ ಮೈನಸ್ ಎಲ್ ಹೊಡೆದಾಗ ಹೆಸರುಗಳ ಮುಂದೆ ಬರೀ ಪ್ರಶ್ನೆ ಚಿಹ್ನೆಗಳು ಬಂದರೆ ಇದೇ ಸ್ಥಿತಿ.

ಇನ್ನೊಂದು ವಿಚಿತ್ರವೂ ಇದರಲ್ಲೇ ಬಗೆಹರಿಯುತ್ತದೆ. ಫೈಲಿಗೆ 444 ಕೊಟ್ಟಿದ್ದೆ, ಆದರೂ ಯಾರೋ ಅಳಿಸಿಬಿಟ್ಟರು ಎಂದು ಕೆಲವರು ಗೋಳಾಡುತ್ತಾರೆ. ಅಳಿಸುವುದು ಅಂದರೆ ಬೋರ್ಡಿನಿಂದ ಹೆಸರು ಒರೆಸುವುದು. ಅದಕ್ಕೆ ಫ್ಲ್ಯಾಟಿನ ಬೀಗದ ಕೈ ಬೇಡ, ವಿಂಗ್‌ನ ಡಬ್ಲ್ಯು ಮತ್ತು ಎಕ್ಸ್ ಇದ್ದರೆ ಸಾಕು. ಟಿಎಂಪಿ ಡೈರೆಕ್ಟರಿ (ತಾತ್ಕಾಲಿಕ ಫೈಲುಗಳ ಜಾಗ) ಎಲ್ಲರಿಗೂ ತೆರೆದಿದ್ದರೂ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಲಾಗದ ಹಾಗೆ ಅದಕ್ಕೆ 1777 ಕೊಟ್ಟಿರುತ್ತಾರೆ. ಆ ಮುಂದಿನ 1ರ ಹೆಸರು ಸ್ಟಿಕಿ ಬಿಟ್.

ವಾಚ್‌ಮನ್ ಹತ್ತಿರ ಮೂರು ರಿಜಿಸ್ಟರ್ ಇವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ನಿಮ್ಮ ಹೆಸರು ಸಿಕ್ಕಿದರೆ ಉಳಿದೆರಡನ್ನು ಅವನು ತೆರೆಯುವುದೇ ಇಲ್ಲ. ನೀವು ಮಾಲೀಕರಾಗಿದ್ದು ಫೈಲಿಗೆ 077 ಇದ್ದರೆ ಊರಿಗೆಲ್ಲ ಬಾಗಿಲು ತೆರೆದಿರುತ್ತದೆ, ನಿಮಗೆ ಮಾತ್ರ ಇಲ್ಲ.

ಬಾಗಿಲು ತಟ್ಟುತ್ತಿರುವುದು ನೀವಲ್ಲ

ಹುಡುಗ ಮೋಸ ಹೋದದ್ದು ಇಲ್ಲಿ. ಸಂಘದ ಅಕೌಂಟಿನಿಂದ ಲಾಗಿನ್ ಆಗಿದ್ದ. ಅವನಿಗೆ ಎಲ್ಲ ಫೋಟೊ ಕಾಣುತ್ತಿತ್ತು, ತೆರೆಯುತ್ತಿತ್ತು. “ಇಲ್ಲಿ ಸರಿ ಇದೆ ಸರ್, ಬ್ರೌಸರಿನಲ್ಲಿ ಮಾತ್ರ ಬರ್ತಿಲ್ಲ” ಎಂದ. ಬ್ರೌಸರಿನ ಪರವಾಗಿ ಫೋಟೊ ಕೇಳುವುದು ಅಪಾಚೆ. ಅದು ಸರ್ವರಿನಲ್ಲಿ ತನ್ನದೇ ಹೆಸರಿನಲ್ಲಿ ಓಡುತ್ತದೆ: ಕೆಲವೆಡೆ ನೋಬಡಿ, ಕೆಲವೆಡೆ ಅಪಾಚೆ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ನಮ್ಮ ಫೋಲ್ಡರಿಗೆ ಅದು ‘ಬೇರೆ ಎಲ್ಲರು’ ಸಾಲಿನವನು. ಹಾಗಾಗಿ ನೋಡಬೇಕಾದದ್ದು ಮೂರನೇ ಅಂಕಿಯನ್ನು, ಅದೂ ಫೋಟೊದ್ದು ಮಾತ್ರ ಅಲ್ಲ, ದಾರಿಯ ಪ್ರತಿ ಗೇಟಿನದು.

ಅದಕ್ಕೆ ಒಂದು ಒಳ್ಳೆಯ ಕಮಾಂಡ್ ಇದೆ: ಎನ್, ಎ, ಎಂ, ಇ, ಐ. ನೇಮ್‌ಐ ಮೈನಸ್ ಎಲ್ ಎಂದು ಹೊಡೆದು ಫೈಲಿನ ಪೂರ್ತಿ ದಾರಿ ಕೊಡಿ. ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗೇಟಿಗೂ ಒಂದು ಸಾಲು ಬರುತ್ತದೆ. ಬೆಳಿಗ್ಗೆಯೇ ಓಡಿಸಿದ್ದರೆ ನಮ್ಮಲ್ಲಿ ಹೀಗೆ ಕಾಣುತ್ತಿತ್ತು, ಅಕ್ಷರಗಳನ್ನು ಅಂಕಿಗೆ ಇಳಿಸಿದ್ದೇನೆ:

ರೂಟ್ (ಇಲ್ಲಿ ಅಕೌಂಟ್ ಅಲ್ಲ, ಎಲ್ಲಕ್ಕೂ ಮೇಲಿನ ಡೈರೆಕ್ಟರಿ) – 755
ಹೋಮ್ – 755
ಸಂಘ – 711
ಪಬ್ಲಿಕ್ – 755
ಉತ್ಸವ – 700
ರಾಜ್ಯೋತ್ಸವ – 777
ಫೋಟೊ – 777

ಐದನೇ ಸಾಲು ನೋಡಿ. ಉತ್ಸವದ ಗೇಟಿನಲ್ಲಿ ಅಪಾಚೆಗೆ ಸೊನ್ನೆ. ಹುಡುಗ ಒಳಗಿನ ರಾಜ್ಯೋತ್ಸವಕ್ಕೂ ಪ್ರತಿ ಫೋಟೊಕ್ಕೂ 777 ಕೊಟ್ಟಿದ್ದ. ಗೇಟಿಗೆ ಬೀಗ ಹಾಕಿ ಬೆಡ್‌ರೂಮಿನ ಬಾಗಿಲು ತೆಗೆದಿಟ್ಟ ಹಾಗೆ.

ಈ 700 ಬಂದದ್ದು ಎಲ್ಲಿಂದ? ಫೋಟೊ ತೆಗೆದವರು ತಮ್ಮ ಲ್ಯಾಪ್‌ಟಾಪಿನಿಂದ ಆರ್‌ಸಿಂಕ್ ಮೈನಸ್ ಎ (ಫೈಲುಗಳನ್ನು ನಕಲಿಸಿ ಕಳಿಸುವ ಕಮಾಂಡ್) ಮಾಡಿ ಇಡೀ ಉತ್ಸವ ಫೋಲ್ಡರನ್ನು ಕಳಿಸಿದ್ದರು. ಆ ಮೈನಸ್ ಎ ಫೈಲುಗಳ ಜೊತೆಗೆ ಅನುಮತಿಯನ್ನೂ ಹಾಗೆಯೇ ತರುತ್ತದೆ. ಅವರ ಲ್ಯಾಪ್‌ಟಾಪಿನಲ್ಲಿ ಅದು ಖಾಸಗಿ ಫೋಲ್ಡರ್, 700. ಇಲ್ಲಿಯೂ 700 ಆಗಿ ಇಳಿಯಿತು. ಯಾರ ತಪ್ಪೂ ಅಲ್ಲ. ಸಿಎಚ್‌ಮಾಡ್ 755 ಉತ್ಸವ ಎಂದು ಒಂದೇ ಸಲ ಹೊಡೆದಿದ್ದರೆ ಬೆಳಿಗ್ಗೆಯೇ ಮುಗಿಯುತ್ತಿತ್ತು.

777 ಕೊಟ್ಟ ಮೇಲೆ ಕೆಟ್ಟದ್ದು ಎರಡು

ಅದರ ಬದಲು ಹುಡುಗ ಮಧ್ಯಾಹ್ನ ತಲೆಕೆಟ್ಟು, ಸಂಘದ ಹೋಮ್‌ನಲ್ಲಿ ನಿಂತು ಎಲ್ಲದಕ್ಕೂ ಸಿಎಚ್‌ಮಾಡ್ ಮೈನಸ್ ದೊಡ್ಡ ಆರ್ 777 ಹೊಡೆದ. ದೊಡ್ಡ ಆರ್ ಅಂದರೆ ಒಳಗಿನ ಎಲ್ಲದಕ್ಕೂ. ಉತ್ಸವದ ಗೇಟೂ ತೆರೆಯಿತು, ಫೋಟೊ ಬಂತು. ಜನ 777ನ್ನು ನಂಬುವುದು ಇದಕ್ಕೇ. ಅದು ಎಷ್ಟೋ ಸಲ ಕೆಲಸ ಮಾಡುತ್ತದೆ. ಆಗಲೇ ಅದು ಅಪಾಯ.

ಮೊದಲು ಹೋದದ್ದು ಫಾರ್ಮ್. ನಮ್ಮ ಸದಸ್ಯತ್ವದ ಫಾರ್ಮ್ ಹಳೇ ಕಾಲದ ಸಿಜಿಐ ಸ್ಕ್ರಿಪ್ಟ್, ಅಂದರೆ ಸರ್ವರಿನಲ್ಲಿ ಓಡಿ ಪುಟ ಕಟ್ಟಿಕೊಡುವ ಪ್ರೋಗ್ರಾಂ. ಅದನ್ನು ಅಪಾಚೆ ನೇರವಾಗಿ ಓಡಿಸುವುದಿಲ್ಲ, ಎಸ್‌ಯುಎಕ್ಸೆಕ್ ಎಂಬ ಮಧ್ಯವರ್ತಿ ನಮ್ಮ ಅಕೌಂಟಿನ ಹೆಸರಿನಲ್ಲಿ ಓಡಿಸುತ್ತದೆ. ಅದು ಮಹಾ ಅನುಮಾನದ ಪ್ರಾಣಿ. ಸ್ಕ್ರಿಪ್ಟನ್ನಾಗಲಿ ಅದು ಇರುವ ಡೈರೆಕ್ಟರಿಯನ್ನಾಗಲಿ ಮಾಲೀಕನಲ್ಲದೆ ಬೇರೆ ಯಾರಾದರೂ ಬದಲಿಸುವ ಹಾಗಿದ್ದರೆ ಓಡಿಸುವುದಿಲ್ಲ. ಬ್ರೌಸರಿಗೆ 500 ಕಳಿಸಿ ಸುಮ್ಮನಾಗುತ್ತದೆ. ಗುಂಪಿಗೆ ಬರೆಯುವ ಹಕ್ಕು ಇದ್ದರೂ ಅಷ್ಟೇ. ನನ್ನ ಪ್ರಕಾರ ಅದು ಮಾಡುವುದು ಸರಿ. ಒಂದೇ ಯಂತ್ರದಲ್ಲಿ ಅಷ್ಟು ಬಿಡಾರಗಳಿರುವಾಗ, 777 ಎಂದರೆ ಪಕ್ಕದ ಬಿಡಾರದವನೂ ನಮ್ಮ ಫಾರ್ಮನ್ನು ತಿದ್ದಬಹುದು.

ಎರಡನೆಯದು ನನಗೇ ತಟ್ಟಿತು. ಮನೆಗೆ ಬಂದು ಎಸ್‌ಎಸ್‌ಎಚ್ ಮಾಡಿದರೆ, ಅಂದರೆ ದೂರದಿಂದ ಸರ್ವರಿಗೆ ಲಾಗಿನ್ ಆಗಲು ಹೋದರೆ, ಪಾಸ್‌ವರ್ಡ್ ಬದಲಿಗೆ ಇರುವ ನನ್ನ ಕೀ ಒಪ್ಪಲಿಲ್ಲ. ಹಿಂದಿನ ದಿನ ಒಪ್ಪಿತ್ತು. ಎಸ್‌ಎಸ್‌ಎಚ್ ಸರ್ವರ್‌ಗೆ ಸ್ಟ್ರಿಕ್ಟ್‌ಮೋಡ್ಸ್ ಎಂಬ ಸೆಟ್ಟಿಂಗ್ ಇದೆ, ಮೊದಲಿನಿಂದಲೇ ಆನ್ ಇರುತ್ತದೆ. ಹೋಮ್ ಡೈರೆಕ್ಟರಿ, ಅದರೊಳಗಿನ ಡಾಟ್ ಎಸ್‌ಎಸ್‌ಎಚ್, ಒಪ್ಪಿದ ಕೀಗಳ ಪಟ್ಟಿ ಇರುವ ಆಥರೈಸ್ಡ್ ಕೀಸ್ ಫೈಲ್, ಈ ಮೂರರಲ್ಲಿ ಯಾವುದಕ್ಕಾದರೂ ಬೇರೆಯವರು ಬರೆಯಬಹುದು ಎಂದು ಕಂಡರೆ ಅದು ಕೀಯನ್ನೇ ನಂಬುವುದಿಲ್ಲ. ಯಾರೋ ತಮ್ಮ ಕೀಯನ್ನು ಅಲ್ಲಿ ತುರುಕಿರಬಹುದಲ್ಲ. ಹುಡುಗ ಬೆಳಿಗ್ಗೆಯೇ ತೆರೆದಿದ್ದ ಕಿಟಕಿ ಮುಚ್ಚಿರಲಿಲ್ಲ, ಬಚಾವ್. ಅದೂ ಮುಚ್ಚಿದ್ದರೆ ಕಂಟ್ರೋಲ್ ಪ್ಯಾನಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ಹೋಗಿ ಸರಿಮಾಡಬೇಕಿತ್ತು. ನಿಮಗೂ ಹೀಗಾದರೆ ಕೊನೆಯ ಕಿಟಕಿಯನ್ನು ಮುಚ್ಚಬೇಡಿ.

ಸರಿ ಮಾಡಿದ್ದು

ಮೊದಲು ಪಿಡಬ್ಲ್ಯುಡಿ ಹೊಡೆಸಿದೆ. “ಲೋಕೋಪಯೋಗಿ ಇಲಾಖೆಯಾ ಸರ್?” ಎಂದ. ಅಲ್ಲ, ಎಲ್ಲಿ ನಿಂತಿದ್ದೀಯ ಅಂತ ಹೇಳುವ ಕಮಾಂಡ್. ಮೈನಸ್ ದೊಡ್ಡ ಆರ್ ಹೊಡೆಯುವ ಮೊದಲು ಇದನ್ನು ನೋಡದವರು ಒಂದಲ್ಲ ಒಂದು ದಿನ ಅಳುತ್ತಾರೆ.

ಆಮೇಲೆ ಲಾಗಿನ್ ದಾರಿ: ಹೋಮ್‌ಗೆ 711, ಡಾಟ್ ಎಸ್‌ಎಸ್‌ಎಚ್‌ಗೆ 700, ಆಥರೈಸ್ಡ್ ಕೀಸ್‌ಗೆ 600. ಇನ್ನೊಂದು ಕಿಟಕಿಯಿಂದ ಲಾಗಿನ್ ಮಾಡಿ ನೋಡಿದೆ, ಕೀ ಒಪ್ಪಿತು. ಹೋಮ್‌ಗೆ 711 ಏಕೆಂದರೆ ಅಪಾಚೆ ಒಳಗೆ ಹಾದು ಹೋಗಬೇಕು, ಆದರೆ ಪಕ್ಕದ ಬಿಡಾರದವರು ಬೋರ್ಡ್ ಓದಬಾರದು.

ಈಗ ಪಬ್ಲಿಕ್ ಫೋಲ್ಡರ್. ಇಲ್ಲಿ ಬುದ್ಧಿವಂತರು ದೊಡ್ಡ ಎಕ್ಸ್ ಬಳಸಿ ಎನ್ನುತ್ತಾರೆ. ಸಿಎಚ್‌ಮಾಡ್‌ಗೆ ದೊಡ್ಡಕ್ಷರದ ಎಕ್ಸ್ ಕೊಟ್ಟರೆ ಡೈರೆಕ್ಟರಿಗಳಿಗೆ ಮಾತ್ರ ಎಕ್ಸ್ ಸಿಗುತ್ತದೆ, ಫೈಲಿಗೆ ಇಲ್ಲ. ಆದರೆ ಮೊದಲೇ ಎಕ್ಸ್ ಇರುವ ಫೈಲಿಗೂ ಸಿಗುತ್ತದೆ! 777 ಆದ ಮೇಲೆ ಎಲ್ಲ ಫೈಲಿಗೂ ಎಕ್ಸ್ ಇದೆ. ಹಾಗಾಗಿ ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಪಬ್ಲಿಕ್‌ನೊಳಗೆ ನಿಂತು ಡೈರೆಕ್ಟರಿ, ಫೈಲು ಎರಡನ್ನೂ ಬೇರೆ ಬೇರೆ ಹಿಡಿಯಬೇಕು:

ಫೈಂಡ್ ಡಾಟ್ ಮೈನಸ್ ಟೈಪ್ ಡಿ ಮೈನಸ್ ಎಕ್ಸೆಕ್ ಸಿಎಚ್‌ಮಾಡ್ 755 {} +

ಫೈಂಡ್ ಡಾಟ್ ಮೈನಸ್ ಟೈಪ್ ಎಫ್ ಮೈನಸ್ ಎಕ್ಸೆಕ್ ಸಿಎಚ್‌ಮಾಡ್ 644 {} +

ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 600. ನಮ್ಮಲ್ಲಿ ಅದನ್ನು ಓದುವುದು ನಮ್ಮದೇ ಹೆಸರಿನಲ್ಲಿ ಓಡುವ ಸ್ಕ್ರಿಪ್ಟ್, ಅಪಾಚೆ ಅಲ್ಲ. ಆದ್ದರಿಂದ 600 ಸಾಕು.

ಇಷ್ಟೆಲ್ಲ ಮಾಡಿ ಫಾರ್ಮ್ ತೆರೆದರೆ ಮತ್ತೆ 500. ಐದು ನಿಮಿಷ ಹುಡುಗನ ಮೇಲೆ ರೇಗಿದೆ. ತಪ್ಪು ನನ್ನದೇ. ಎಲ್ಲ ಫೈಲಿಗೂ 644 ಕೊಡುವಾಗ ಸಿಜಿಐ ಸ್ಕ್ರಿಪ್ಟಿನ ಎಕ್ಸ್ ಕೂಡ ಹೋಗಿತ್ತು. ಅದೊಂದಕ್ಕೆ 755 ಕೊಟ್ಟ ಮೇಲೆ ಫಾರ್ಮ್ ಬಂತು.

ಒಂದು ಎಚ್ಚರಿಕೆ. ಕೆಲವು ಹೋಸ್ಟಿಂಗ್‌ಗಳಲ್ಲಿ ಪಬ್ಲಿಕ್ ಫೋಲ್ಡರಿಗೆ 750 ಇಟ್ಟು, ಅದರ ಗುಂಪನ್ನು ನೋಬಡಿ ಮಾಡಿರುತ್ತಾರೆ. ಅಂದರೆ ಅಪಾಚೆ ಅಲ್ಲಿ ಎರಡನೇ ಅಂಕಿಯಿಂದ ಒಳಗೆ ಬರುತ್ತದೆ. ಅಂಥ ಕಡೆ ಸುಮ್ನೆ 755 ಮಾಡಬೇಡಿ, ಹೊರಗಿನ ಆ ಒಂದು ಫೋಲ್ಡರನ್ನು ಇದ್ದ ಹಾಗೇ ಬಿಡಿ.

ಪುಣೆಯವರು ಹಾಕಿದ್ದು ಇಲ್ಲಿ ತಿದ್ದಲಾಗದು

ಇದು ಬೇರೆಯೇ ದಿನದ ಕಥೆ, ಆದರೆ ಮೂಲ ಅದೇ. ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇವೆ. ಪುಣೆಯಲ್ಲಿರುವ ಒಬ್ಬರು ಸ್ಕ್ಯಾನ್ ಮಾಡುತ್ತಾರೆ, ಡೊಂಬಿವಲಿಯಲ್ಲಿ ನಾವು ಪುಟ ಸರಿಪಡಿಸುತ್ತೇವೆ. ಅವರಿಗೆ ಬೇರೆ ಅಕೌಂಟು. ಹೋಸ್ಟಿಂಗ್‌ನವರಿಗೆ ಹೇಳಿ ಸಂಚಿಕೆ ಎಂಬ ಗುಂಪು ಮಾಡಿಸಿ ಇಬ್ಬರನ್ನೂ ಸೇರಿಸಿದೆವು. ಆದರೂ ಅವರು ಹಾಕಿದ ಫೈಲನ್ನು ನಾವು ತಿದ್ದಲಾಗುತ್ತಿರಲಿಲ್ಲ.

ಇಂಥದ್ದಕ್ಕೆ ಮೊದಲು ಐಡಿ ಎಂಬ ಕಮಾಂಡ್ ಹೊಡೆಸಿ. ಗುಂಪಿನ ಹೆಸರು ಬರದಿದ್ದರೆ ಲಾಗ್‌ಔಟ್ ಮಾಡಿ ಮತ್ತೆ ಬರಲು ಹೇಳಿ, ಹೊಸ ಗುಂಪು ಹಳೇ ಲಾಗಿನ್‌ಗೆ ಹತ್ತುವುದಿಲ್ಲ. ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ.

ನಮ್ಮದು ಮುಗಿಯಲಿಲ್ಲ. ಹೊಸ ಫೈಲು ಹುಟ್ಟುವಾಗ ಅದರ ಗುಂಪು ಹುಟ್ಟಿಸಿದವರ ಸ್ವಂತ ಗುಂಪೇ ಆಗುತ್ತದೆ, ನಾವು ಮಾಡಿಸಿದ್ದಲ್ಲ. ಡೈರೆಕ್ಟರಿಗೆ 2775 ಕೊಟ್ಟರೆ, ಆ 2 ಇರುವುದರಿಂದ ಒಳಗೆ ಹುಟ್ಟುವುದೆಲ್ಲ ಡೈರೆಕ್ಟರಿಯ ಗುಂಪನ್ನೇ ಪಡೆಯುತ್ತದೆ. ಇದನ್ನು ಸೆಟ್‌ಜಿಐಡಿ ಎನ್ನುತ್ತಾರೆ. ಜೊತೆಗೆ ಯುಮಾಸ್ಕ್ ಕೂಡ ನೋಡಬೇಕು, ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕು ಎನ್ನುವ ಸೆಟ್ಟಿಂಗ್ ಅದು. ಅದು 022 ಇದ್ದರೆ ಹೊಸ ಫೈಲು 644, ಗುಂಪಿಗೆ ಬರೆಯುವ ಹಕ್ಕಿಲ್ಲ. 002 ಮಾಡಿದರೆ 664. ಎಸ್‌ಎಫ್‌ಟಿಪಿ (ಫೈಲು ಕಳಿಸುವ) ಪ್ರೋಗ್ರಾಂನಲ್ಲಿ ಹಾಕುವವರಿಗೆ ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಇಟ್ಟ ಯುಮಾಸ್ಕ್ ಲೆಕ್ಕಕ್ಕೆ ಬರದೇ ಇರಬಹುದು, ಅದನ್ನು ಬೇರೆಯಾಗಿ ಪರೀಕ್ಷಿಸಿ.

ಇಷ್ಟಾದ ಮೇಲೂ ಕೆಲವು ಫೈಲು ಹಠ ಹಿಡಿದವು. ಪುಣೆಯವರು ಮೊದಲು ತಮ್ಮ ಹೋಮ್‌ಗೆ ಹಾಕಿ, ನಂತರ ಎಂವಿ ಕಮಾಂಡಿನಿಂದ ಸಂಚಿಕೆಗೆ ಸರಿಸುತ್ತಿದ್ದರು. ಒಂದೇ ಡಿಸ್ಕಿನೊಳಗೆ ಎಂವಿ ಅಂದರೆ ಬರೀ ಬೋರ್ಡಿನ ಹೆಸರು ಬದಲಾವಣೆ. ಫೈಲು ಹೊಸದಾಗಿ ಹುಟ್ಟುವುದಿಲ್ಲ, ಹಳೇ ಗುಂಪಿನಲ್ಲೇ ಉಳಿಯುತ್ತದೆ. ಸಿಪಿ ಮಾಡಿದರೆ ಹೊಸದು ಹುಟ್ಟುತ್ತದೆ, ಗುಂಪು ಸರಿಯಾಗುತ್ತದೆ. “ಸರಿಸಬೇಡಿ, ನಕಲು ಮಾಡಿ” ಎಂದು ಹೇಳಿದೆ. ಅಂದಿನಿಂದ ತಂಟೆ ಇಲ್ಲ.

ಈ ಸಂಚಿಕೆ ಫೋಲ್ಡರನ್ನು ಪಬ್ಲಿಕ್‌ನ ಹೊರಗೇ ಇಟ್ಟಿದ್ದೇವೆ. ಗುಂಪು ಬರೆಯಬಹುದಾದ ಜಾಗದಲ್ಲಿ ಸಿಜಿಐ ಸ್ಕ್ರಿಪ್ಟ್ ಇಟ್ಟರೆ ಎಸ್‌ಯುಎಕ್ಸೆಕ್ ಮತ್ತೆ ಮುನಿಸಿಕೊಳ್ಳುತ್ತದೆ.

ಅಂಕಿ ಸರಿಯಾಗಿದ್ದೂ ಒಳಗೆ ಬಿಡದಿದ್ದರೆ

ಆ ಹತ್ತು ಅಕ್ಷರಗಳ ಬಾಲ ನೋಡಿ. ಕೊನೆಯಲ್ಲಿ ಕೂಡಿಸು ಚಿಹ್ನೆ ಇದ್ದರೆ ಎಸಿಎಲ್ ಎಂಬ ಇನ್ನೊಂದು ಅನುಮತಿ ಪಟ್ಟಿ ಇದೆ. ಅದನ್ನು ಓದಲು ಗೆಟ್‌ಎಫ್‌ಎಸಿಎಲ್. ಅಲ್ಲಿ ನಡುವಿನ ಅಂಕಿ ಗುಂಪಿನ ಹಕ್ಕಲ್ಲ, ಮಾಸ್ಕ್, ಅಂದರೆ ಆ ಪಟ್ಟಿಯ ಹಕ್ಕುಗಳಿಗೆ ಮೇಲ್ಮಿತಿ. ಚುಕ್ಕೆ ಇದ್ದರೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಭದ್ರತಾ ವ್ಯವಸ್ಥೆಯ ಗುರುತು. ಹೋಮ್‌ನಿಂದ ಎಂವಿ ಮಾಡಿದ ಫೈಲು ಹಳೇ ಗುರುತನ್ನೇ ಹೊತ್ತು ಬರುತ್ತದೆ, ರಿಸ್ಟೋರ್‌ಕಾನ್ ಹೊಡೆದರೆ ಸರಿಯಾಗುತ್ತದೆ. ನಿಮ್ಮದೇ ಫೈಲಿಗೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಬಂದರೆ ಎಲ್‌ಎಸ್‌ಎಟಿಟಿಆರ್ ಹೊಡೆದು ಸಣ್ಣ ಐ ಇದೆಯಾ ನೋಡಿ. ಇದ್ದರೆ ರೂಟ್ ತೆಗೆಯುವವರೆಗೆ ಯಾರೂ ಮುಟ್ಟಲಾಗದು.

ಆಫೀಸಿನ ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕಿನ ಮೂಲಕ ಹಂಚಿದ ಫೋಲ್ಡರ್) ಆದರೆ ಎಲ್‌ಎಸ್ ಮೈನಸ್ ಎನ್. ಹೆಸರಿನ ಬದಲು ನಂಬರ್ ಬರುತ್ತದೆ. ಸಾಮಾನ್ಯವಾಗಿ ಎನ್‌ಎಫ್‌ಎಸ್ ನೋಡುವುದು ಆ ನಂಬರನ್ನೇ. ಎರಡು ಯಂತ್ರದಲ್ಲಿ ಒಂದೇ ಹೆಸರಿಗೆ ಬೇರೆ ಬೇರೆ ನಂಬರ್ ಇದ್ದರೆ ನೀವು ನೀವಲ್ಲ. ರೂಟ್ ಆಗಿ ಹೋದರೂ ರೂಟ್ ಸ್ಕ್ವಾಶ್ ನಿಮ್ಮನ್ನು ನೋಬಡಿ ಮಾಡಿ ಕೂರಿಸುತ್ತದೆ.

ನಮ್ಮ ಸರ್ವರಿನಲ್ಲಿ ಈಗ ಒಂದು ಪದ್ಧತಿ ಇದೆ. ಮೈನಸ್ ದೊಡ್ಡ ಆರ್ ಹೊಡೆಯುವ ಮೊದಲು ಗೆಟ್‌ಎಫ್‌ಎಸಿಎಲ್ ಮೈನಸ್ ದೊಡ್ಡ ಆರ್ ಡಾಟ್ ಎಂದು ಓಡಿಸಿ, ಬಂದದ್ದನ್ನು ಒಂದು ಫೈಲಿಗೆ ಬರೆದಿಡಬೇಕು. ಕೆಟ್ಟರೆ ಅದೇ ಜಾಗದಲ್ಲಿ ನಿಂತು ಸೆಟ್‌ಎಫ್‌ಎಸಿಎಲ್ ಮೈನಸ್ ಮೈನಸ್ ರಿಸ್ಟೋರ್ ಎಂದು ಆ ಫೈಲಿನ ಹೆಸರು ಕೊಟ್ಟರೆ ಎಲ್ಲ ಅನುಮತಿ ಮೊದಲಿನಂತಾಗುತ್ತದೆ. ಹುಡುಗ ಇದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದಾನೆ. ಅದರ ಕೆಳಗೆ ಕಾರ್ಯದರ್ಶಿಯವರ ಅಕ್ಷರದಲ್ಲಿ ಇನ್ನೊಂದು ಸಾಲು: “777 ಹೊಡೆದವರೇ ಚಹಾ ಕೊಡಿಸಬೇಕು.”